ಇಲಿಗಳು ಸಾಯಲಿಲ್ಲ ಎಂದರೆ ಸಾರ ಸುರಕ್ಷಿತವೇ?

ಪ್ರಶ್ನೆ: ತಿನ್ನುವ ಸೊಪ್ಪೊಂದರ ಆಲ್ಕೊಹಾಲ್ ಸಾರ ತುಂಬಿದ ಕ್ಯಾಪ್ಸೂಲ್ ಅನ್ನು ಕೆಲವು ತಿಂಗಳಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳುತ್ತಿದ್ದೇನೆ. ಒಂದೊಂದರಲ್ಲೂ 500 ಮಿಲಿಗ್ರಾಂ ಸಾರ ಇದೆ. ಜೊತೆಗೆ ಬಂದ ಚೀಟಿಯಲ್ಲಿ ‘ಇಲಿಗಳ ಮೇಲೆ ಪರೀಕ್ಷಿಸಲಾಗಿದೆ, ಎಲ್‌ಡಿ50 ಪ್ರತಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು, ಸಂಪೂರ್ಣ ಸುರಕ್ಷಿತ’ ಎಂದು ಬರೆದಿದೆ. ನನ್ನ ತೂಕ 60 ಕಿಲೋ. ಇದನ್ನು ನಂಬಬಹುದೇ? ಇನ್ನೊಂದು ಅನುಮಾನ. ಜನ ತಲೆಮಾರುಗಳಿಂದ ತಿಂದುಕೊಂಡು ಬಂದ ಸೊಪ್ಪನ್ನು ಇಲಿಗಳಿಗೆ ಕೊಟ್ಟು ನೋಡುವ ಅಗತ್ಯವಾದರೂ ಏನು? ಸುಮ್ನೆ ಪ್ರಾಣಿಹಿಂಸೆ ಅಲ್ವಾ?

ಉತ್ತರ: ಚೀಟಿಯಲ್ಲಿರುವ ಸಂಖ್ಯೆ ನಿಜವೇ ಇರಬಹುದು. ಆದರೆ ಅದರ ಪಕ್ಕದ ‘ಸಂಪೂರ್ಣ ಸುರಕ್ಷಿತ’ ಎಂಬ ಮಾತಿಗೆ ಆ ಸಂಖ್ಯೆ ಆಧಾರವಾಗುವುದಿಲ್ಲ. ಅದು ಒಂದೇ ಸಲ ಸಾರ ಕೊಟ್ಟು, ಎರಡು ವಾರ ನೋಡಿ ಮುಗಿಸುವ ಪರೀಕ್ಷೆ. ನೀವು ದಿನಾ ಎರಡು ಸಲ, ತಿಂಗಳುಗಟ್ಟಲೆ ನುಂಗುತ್ತಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆಯೇ ಬೇರೆ. ಅದು ನಡೆದಿದೆಯೇ ಎಂದು ತಯಾರಕರನ್ನೇ ಕೇಳಬೇಕು. ಏನು ಕೇಳಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಎಂದು ಮುಂದೆ ಹೇಳುತ್ತೇನೆ. ಗಿಡದ ಹೆಸರನ್ನು ನೀವು ಬರೆದಿಲ್ಲ. ಬರೆದಿದ್ದರೂ ಈ ಉತ್ತರದ ಬಹುಪಾಲು ಹೀಗೇ ಇರುತ್ತಿತ್ತು.

ಮೊದಲು ನಿಮ್ಮ ಎರಡನೇ ಅನುಮಾನ ನೋಡೋಣ. ಸೊಪ್ಪು ತಿನ್ನುವುದು ಬೇರೆ, ಅದರ ಸಾರ ನುಂಗುವುದು ಬೇರೆ. 10 ಕಿಲೋ ಒಣ ಎಲೆಯಿಂದ 1 ಕಿಲೋ ಸಾರ ಸಿಕ್ಕಿತು ಅಂದುಕೊಳ್ಳಿ. ಆಗ ನಿಮ್ಮ ದಿನದ 1000 ಮಿಲಿಗ್ರಾಂ ಸಾರ 10 ಗ್ರಾಂ ಒಣ ಎಲೆಗೆ ಸಮ. ಹಸಿ ಸೊಪ್ಪಿನಲ್ಲಿ ನೂರಕ್ಕೆ 80ರಿಂದ 90 ಭಾಗ ನೀರೇ ಇರುತ್ತದೆ. ಹಾಗಾಗಿ ಹಸಿ ಲೆಕ್ಕದಲ್ಲಿ ಅದು 50ರಿಂದ 100 ಗ್ರಾಂ. ಇಷ್ಟನ್ನು ಒಂದು ಹೊತ್ತಿನಲ್ಲಿ ತಿನ್ನಬಹುದು, ಅದೇನೂ ಭಯಪಡುವ ಪ್ರಮಾಣವಲ್ಲ. ಆದರೆ ವರ್ಷಪೂರ್ತಿ ಒಂದು ದಿನವೂ ಬಿಡದೆ ಒಂದೇ ಸೊಪ್ಪು ತಿನ್ನುವವರು ಅಪರೂಪ. 50 ಕಿಲೋ ಎಲೆಯಿಂದ 1 ಕಿಲೋ ಸಾರ ತೆಗೆದಿದ್ದರೆ ಲೆಕ್ಕ ಐದು ಪಟ್ಟಾಗುತ್ತದೆ. ಚೀಟಿಯಲ್ಲಿ ಈ ಅನುಪಾತ ಇಲ್ಲದಿದ್ದರೆ ನೀವು ಎಷ್ಟು ಎಲೆ ನುಂಗುತ್ತಿದ್ದೀರಿ ಎಂದು ಯಾರೂ ಹೇಳಲಾರರು.

ಪ್ರಮಾಣಕ್ಕಿಂತ ದೊಡ್ಡ ವಿಷಯ ದ್ರಾವಕದ್ದು, ಅಂದರೆ ಸಾರ ತೆಗೆಯಲು ಬಳಸುವ ದ್ರವದ್ದು. ಕಷಾಯದಿಂದ ನಮಗೆ ಸಿಗುವುದು ಹೆಚ್ಚಾಗಿ ನೀರಿನಲ್ಲಿ ಕರಗುವ ವಸ್ತುಗಳು. ಆಲ್ಕೊಹಾಲ್ ಹಾಕಿದರೆ ನೀರಿಗೆ ಬಾರದ ಎಷ್ಟೋ ವಸ್ತುಗಳು ಹೊರಗೆ ಬರುತ್ತವೆ. ಹೆಕ್ಸೇನ್ ಎಂಬ ದ್ರಾವಕ ಹಾಕಿದರೆ ಇನ್ನೊಂದು ಗುಂಪೇ ಬರುತ್ತದೆ. ಎಲೆ ಅದೇ, ಹೊಟ್ಟೆಗೆ ಹೋಗುವ ರಾಸಾಯನಿಕ ಬೇರೆ. ಜನ ತಲೆಮಾರುಗಳಿಂದ ತಿಂದದ್ದು ಸೊಪ್ಪನ್ನು. ನಿಮ್ಮ ಕ್ಯಾಪ್ಸೂಲಿನಲ್ಲಿರುವ ಸಾರವನ್ನು ಆ ತಲೆಮಾರುಗಳಲ್ಲಿ ಯಾರೂ ತಿಂದಿಲ್ಲ.

ಗ್ರೀನ್ ಟೀ ಇದಕ್ಕೆ ಒಳ್ಳೆಯ ಉದಾಹರಣೆ. ಎಲೆಯನ್ನು ಬಿಸಿನೀರಿನಲ್ಲಿ ಹಾಕಿ ಕುಡಿಯುವವರು ಲೋಕದ ತುಂಬ ಇದ್ದಾರೆ. ಅದೇ ಎಲೆಯ ಗಟ್ಟಿ ಸಾರದ ಕ್ಯಾಪ್ಸೂಲ್ ತೆಗೆದುಕೊಂಡ ಕೆಲವರಲ್ಲಿ ಲಿವರ್ ತೊಂದರೆ ಕಂಡುಬಂತು. 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇದನ್ನು ಪರಿಶೀಲಿಸಿತು. ಮಾಮೂಲಿಯಾಗಿ ಕುದಿಸಿ ಕುಡಿಯುವ ಪಾನೀಯ ಸಾಮಾನ್ಯವಾಗಿ ಸುರಕ್ಷಿತ ಎಂದಿತು. ಆದರೆ ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ವಸ್ತು ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಪೂರಕಗಳ ರೂಪದಲ್ಲಿ ದೇಹ ಸೇರಿದರೆ ಲಿವರ್ ಕಿಣ್ವಗಳು ಏರುವುದನ್ನು ಗುರುತಿಸಿತು. ಪ್ರಾಣಿಗಳ ಪರೀಕ್ಷೆ ಇಲ್ಲಿ ಇನ್ನೂ ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟಿದೆ. ಬೀಗಲ್ ನಾಯಿಗಳಿಗೆ ಖಾಲಿ ಹೊಟ್ಟೆಯಲ್ಲಿ ಈ ಸಾರ ಕೊಟ್ಟಾಗ ತೀವ್ರ ತೊಂದರೆಯಾಯಿತು. ಆಹಾರ ತಿಂದ ನಾಯಿಗಳು ಅದನ್ನು ಎಷ್ಟೋ ಚೆನ್ನಾಗಿ ತಡೆದುಕೊಂಡವು. ಖಾಲಿ ಹೊಟ್ಟೆಯಲ್ಲಿ ಆ ವಸ್ತು ರಕ್ತಕ್ಕೆ ಬಹಳ ಹೆಚ್ಚು ಸೇರುತ್ತದೆ. ಊಟಕ್ಕೆ ಮೊದಲು ನುಂಗಬೇಕೋ ಆಮೇಲೋ ಎಂಬ ಸಣ್ಣ ಸಂಗತಿಯೂ ಸುರಕ್ಷತೆಯ ಭಾಗ ಎಂದು ಗೊತ್ತಾದದ್ದು ಹೀಗೆ.

ತಲೆಮಾರುಗಳ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಿಂದ ಕೂಡಲೇ ವಾಂತಿ, ಭೇದಿ, ತಲೆಸುತ್ತು, ಸಾವು ತರುವ ಗಿಡಗಳನ್ನು ಜನ ಬೇಗ ಗುರುತಿಸಿಬಿಡುತ್ತಾರೆ. ಆ ಜ್ಞಾನವನ್ನು ನಂಬಬಹುದು. ಆದರೆ ವರ್ಷಗಳ ಮೇಲೆ ನಿಧಾನವಾಗಿ ಬರುವ ಹಾನಿಯನ್ನು ಬರಿಗಣ್ಣಿನ ಅನುಭವ ಹಿಡಿಯಲಾರದು. ಇವತ್ತು ಕಿಡ್ನಿ ಕೆಟ್ಟವರು ಐದು ವರ್ಷದ ಹಿಂದೆ ನುಂಗಿದ ಬೇರನ್ನು ನೆನಪು ಮಾಡಿಕೊಳ್ಳುವುದಿಲ್ಲ.

ಅರಿಸ್ಟೊಲೋಕಿಯ ಎಂಬ ಗಿಡಗಳ ಕಥೆ ಇದೇ. ಹಲವು ನಾಡುಗಳಲ್ಲಿ ಶತಮಾನಗಳಿಂದ ಔಷಧಿಯಾಗಿ ಬಳಸಿದ ಗಿಡಗಳಿವು. ಅವುಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆ ಎಂದು 1980ರ ದಶಕದ ಆರಂಭದಲ್ಲೇ ಗೊತ್ತಾಯಿತು. ಜರ್ಮನಿ ಆ ವಸ್ತುವಿದ್ದ ಔಷಧಿಗಳನ್ನು ಮಾರುಕಟ್ಟೆಯಿಂದ ತೆಗೆಸಿತು. ಆದರೂ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳ ಮೂಲಕ ಅದು ಜನರ ದೇಹ ಸೇರಿತು. ಸ್ಟೆಫಾನಿಯ ಟೆಟ್ರಾಂಡ್ರ ಎಂಬ ಗಿಡ ಇರಬೇಕಾದ ಕಡೆ ಅರಿಸ್ಟೊಲೋಕಿಯ ಫಾಂಗ್‌ಚಿ ಸೇರಿಹೋಗಿತ್ತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಕೆಟ್ಟಿತು. ಅವರಲ್ಲಿ 39 ಜನರ ಕಿಡ್ನಿ ಮತ್ತು ಮೂತ್ರನಾಳಗಳನ್ನು ತೆಗೆದು ಪರೀಕ್ಷಿಸಿದಾಗ 18 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ಇಲಿಗಳು ಹತ್ತು ವರ್ಷ ಮೊದಲೇ ಕೊಟ್ಟ ಎಚ್ಚರಿಕೆ ಅದು. ಪರೀಕ್ಷೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಈಗ ನಿಮ್ಮ ಚೀಟಿಯ 2000ಕ್ಕೆ ಬರೋಣ. ಎಲ್‌ಡಿ50 ಎಂದರೆ ಪರೀಕ್ಷೆಗೆ ಒಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ. 1927ರಲ್ಲಿ ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ ಈ ಅಳತೆಯನ್ನು ತಂದರು. ಡಿಜಿಟಾಲಿಸ್, ಇನ್ಸುಲಿನ್‌ನಂಥ ಪ್ರಬಲ ಔಷಧಿಗಳ ಶಕ್ತಿಯನ್ನು ಬ್ಯಾಚಿನಿಂದ ಬ್ಯಾಚಿಗೆ ಹೋಲಿಸಲು ಅವರಿಗೆ ಅದು ಬೇಕಿತ್ತು. ದಿನಾ ಸೇವಿಸುವ ವಸ್ತು ಸುರಕ್ಷಿತವೇ ಎಂದು ಹೇಳಲು ಅದು ಹುಟ್ಟಿದ್ದೇ ಅಲ್ಲ. ಹಳೆಯ ಪದ್ಧತಿಯಲ್ಲಿ ಪ್ರಾಣಿಗಳು ತುಂಬಾ ಬೇಕಾಗುತ್ತಿದ್ದವು. ಇಂಥ ಪರೀಕ್ಷೆಗಳ ವಿಧಾನವನ್ನು ಗೊತ್ತುಮಾಡುವ, ಹಲವು ದೇಶಗಳ ಒಇಸಿಡಿ ಸಂಘಟನೆ ತನ್ನ ಹಳೆಯ 401ನೇ ಮಾರ್ಗಸೂಚಿಯನ್ನು 2002ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಈಗ ಹೆಚ್ಚಾಗಿ ಬಳಸುವುದು 420, 423, 425 ಎಂಬ ಮೂರು ಮಾರ್ಗಸೂಚಿಗಳನ್ನು.

423ರಲ್ಲಿ ನಡೆಯುವುದು ಹೀಗೆ. ರಾತ್ರಿ ಉಪವಾಸ ಇಟ್ಟ ಮೂರು ಹೆಣ್ಣು ಇಲಿಗಳಿಗೆ ಸಾರವನ್ನು ಒಂದು ಸಲ ಬಾಯಿಯ ಮೂಲಕ ಕೊಡುತ್ತಾರೆ. ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆಯಾದರೂ ನೋಡುತ್ತಾರೆ, ಮೊದಲ ನಾಲ್ಕು ಗಂಟೆ ವಿಶೇಷ ಗಮನ ಕೊಡುತ್ತಾರೆ. ಆಮೇಲೆ 14 ದಿನ ದಿನಾ ಗಮನಿಸುತ್ತಾರೆ. ನಡುಕ, ಸೆಳೆತ, ಜೊಲ್ಲು, ಭೇದಿ, ಮಂಪರು, ಕೂದಲು ನಿಮಿರುವುದು, ತೂಕ ಇಳಿಯುವುದು, ಎಲ್ಲವನ್ನೂ ಬರೆದಿಡುತ್ತಾರೆ. ತುಂಬಾ ನರಳುತ್ತಿರುವ ಪ್ರಾಣಿಯನ್ನು ಸಾಯಲಿ ಎಂದು ಕಾಯುವಂತಿಲ್ಲ. ನೋವಿಲ್ಲದಂತೆ ಅದರ ಜೀವ ತೆಗೆಯಬೇಕು, ಅದನ್ನೂ ಸಾವೆಂದೇ ಎಣಿಸಬೇಕು. 2000 ಮಿಲಿಗ್ರಾಂನಲ್ಲಿ ಮೂರೂ ಬದುಕಿದರೆ, ಅಥವಾ ಒಂದು ಮಾತ್ರ ಸತ್ತರೆ, ಅದೇ ಪ್ರಮಾಣವನ್ನು ಇನ್ನೂ ಮೂರು ಇಲಿಗಳಿಗೆ ಕೊಡುತ್ತಾರೆ. ಅಲ್ಲೂ ಹಾಗೇ ಆದರೆ ಪರೀಕ್ಷೆ ಮುಗಿಯಿತು. ಎಲ್‌ಡಿ50 2000ಕ್ಕಿಂತ ಹೆಚ್ಚು ಎಂದು ಬರೆಯುತ್ತಾರೆ.

ಇಲ್ಲಿ ಎರಡು ಮಾತು ಗಮನಿಸಿ. ‘2000ಕ್ಕಿಂತ ಹೆಚ್ಚು’ ಎಂಬುದು ಪರೀಕ್ಷೆ ನಿಂತ ಜಾಗ. ವಸ್ತುವಿನ ಬಗ್ಗೆ ಅದು ಹೇಳುವುದು ಬಹಳ ಕಡಿಮೆ. ಒಂದು ಇಲಿ ಸತ್ತಿದ್ದರೂ ಇದೇ ವಾಕ್ಯ ಬರೆಯಬಹುದು. ಎರಡನೆಯದಾಗಿ, ಆರು ಎಂಬುದು ತೀರಾ ಸಣ್ಣ ಸಂಖ್ಯೆ. ನೂರರಲ್ಲಿ 20 ಇಲಿಗಳನ್ನು ಕೊಲ್ಲುವಂಥ ಪ್ರಮಾಣವನ್ನೇ ಆರು ಇಲಿಗಳಿಗೆ ಕೊಟ್ಟೆವು ಅನ್ನಿ. ಸುಮಾರು ನಾಲ್ಕು ಸಲಕ್ಕೆ ಒಂದು ಸಲ ಆರೂ ಬದುಕಿಯೇ ಇರುತ್ತವೆ. ಇದು ಸಂಭವನೀಯತೆಯ ಸರಳ ಲೆಕ್ಕ. ಮಾರ್ಗಸೂಚಿಯಲ್ಲಿ ಇದು ತಪ್ಪೇನಲ್ಲ. ಅಪಘಾತದಲ್ಲಿ ಒಮ್ಮೆಲೇ ನುಂಗಿದರೆ ಈ ವಸ್ತು ಎಷ್ಟು ಅಪಾಯಕಾರಿ ಎಂದು ವರ್ಗ ಮಾಡುವುದಕ್ಕೆ, ಮುಂದಿನ ಪರೀಕ್ಷೆಗೆ ಪ್ರಮಾಣ ಆರಿಸುವುದಕ್ಕೆ ಅದು ಸಾಕು. ಅಷ್ಟಕ್ಕೆ ಮಾತ್ರ ಸಾಕು.

ಈ ಸಂಖ್ಯೆಯ ಇನ್ನೊಂದು ದುರುಪಯೋಗವನ್ನು ಹೇಳದೆ ಇರಲಾರೆ. 2000ರ ಹತ್ತನೇ ಒಂದು ಭಾಗ 200, ಐದನೇ ಒಂದು ಭಾಗ 400. ಗಿಡಮೂಲಿಕೆಗಳ ಎಷ್ಟೋ ಪ್ರಬಂಧಗಳಲ್ಲಿ ಈ ಎರಡು ಪ್ರಮಾಣಗಳು ‘ಸುರಕ್ಷಿತ ಡೋಸ್’ ಎಂದು ಕಾಣಿಸಿಕೊಳ್ಳುತ್ತವೆ. ಇವಕ್ಕೆ ಸುರಕ್ಷತೆಯ ಅರ್ಥವೇ ಇಲ್ಲ. ಪರೀಕ್ಷೆ ನಿಂತ ಜಾಗವನ್ನು ಹತ್ತರಿಂದ ಭಾಗಿಸಿದರೆ ಸಿಗುವುದು ಬರೀ ಒಂದು ಅಂಕಿ.

ನಿಮಗೆ ಬೇಕಾದದ್ದು ಪುನರಾವರ್ತಿತ ಪ್ರಮಾಣದ ಪರೀಕ್ಷೆ. ದಿನಾ ಕೊಡುತ್ತಾ ಹೋಗಿ, ಕೊನೆಗೆ ದೇಹದ ಒಳಗೆ ಏನಾಗಿದೆ ಎಂದು ತೆರೆದು ನೋಡುವ ಪರೀಕ್ಷೆ. ಒಇಸಿಡಿಯ 407 ಮಾರ್ಗಸೂಚಿ 28 ದಿನದ್ದು. ಗುಂಪಿಗೆ ಕನಿಷ್ಠ 5 ಗಂಡು, 5 ಹೆಣ್ಣು. 408 ಮಾರ್ಗಸೂಚಿ 90 ದಿನದ್ದು. ಗುಂಪಿಗೆ ಕನಿಷ್ಠ 10 ಗಂಡು, 10 ಹೆಣ್ಣು. ಕನಿಷ್ಠ ಮೂರು ಪ್ರಮಾಣಗಳು, ಜೊತೆಗೆ ಸಾರವಿಲ್ಲದ ಒಂದು ಕಂಟ್ರೋಲ್ ಗುಂಪು. ಅಂದರೆ 90 ದಿನದ ಪರೀಕ್ಷೆಗೆ ಕಡಿಮೆಯೆಂದರೂ 80 ಇಲಿಗಳು. ವಿಷದ ಲಕ್ಷಣ ಕಾಣದ ವಸ್ತುವಾದರೆ ದಿನಕ್ಕೆ ಪ್ರತಿ ಕಿಲೋಗೆ 1000 ಮಿಲಿಗ್ರಾಂವರೆಗೆ ಹೋಗಿ ನಿಲ್ಲಿಸುವುದು ರೂಢಿ.

ಗಿಡದ ಸಾರದ ವಿಷಯದಲ್ಲಿ ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಸಣ್ಣ ಸಣ್ಣ ಕಡೆ. ಸಾರವನ್ನು ಕೊಡುವುದು ಗವಾಜ್ ಮೂಲಕ, ಅಂದರೆ ತುದಿ ಉಂಡೆಯಿರುವ ತೆಳು ಕೊಳವೆಯನ್ನು ಬಾಯಿಯಿಂದ ಜಠರದವರೆಗೆ ಇಳಿಸಿ. 200 ಗ್ರಾಂ ತೂಕದ ಇಲಿಗೆ ಪ್ರತಿ ಕಿಲೋಗೆ 1000 ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬೇಕೆಂದರೆ 200 ಮಿಲಿಗ್ರಾಂ ಸಾರವನ್ನು ಸುಮಾರು 2 ಮಿಲಿಲೀಟರಿನಲ್ಲಿ ಕಲಸಬೇಕು. ಅಂಟಂಟಾದ ಎಲೆಯ ಸಾರ ಇಷ್ಟು ಗಟ್ಟಿಯಾದರೆ ಸಿರಿಂಜಿನಲ್ಲಿ ತಳ ಸೇರುತ್ತದೆ. ಕುಲುಕದೆ ಕೊಟ್ಟರೆ ಮೊದಲ ಇಲಿಗೆ ಬರೀ ನೀರು, ಕೊನೆಯದಕ್ಕೆ ಬರೀ ಗಸಿ. ಕೊಳವೆ ಶ್ವಾಸನಾಳಕ್ಕೆ ಹೋದರೆ ಇಲಿ ಸಾಯುತ್ತದೆ. ಆ ಸಾವು ಸಾರದ್ದೋ ಕೈತಪ್ಪಿನದ್ದೋ ಎಂದು ಶ್ವಾಸಕೋಶ ತೆರೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸಾರ ಕಲಸಲು ಬಳಸಿದ ಸಿಎಂಸಿ ಎಂಬ ಅಂಟು ದ್ರಾವಣ, ಎಣ್ಣೆ-ನೀರು ಬೆರೆಸುವ ಟ್ವೀನ್ 80 ಅಥವಾ ಎಣ್ಣೆಯನ್ನು ಕಂಟ್ರೋಲ್ ಗುಂಪಿಗೂ ಅಷ್ಟೇ ಪ್ರಮಾಣದಲ್ಲಿ ಕೊಡಬೇಕು. ಒಂದು ಗುಂಪಿಗೆ ದಿನಾ ಎಣ್ಣೆ, ಇನ್ನೊಂದಕ್ಕೆ ಬರೀ ನೀರು ಕೊಟ್ಟರೆ ಹೋಲಿಕೆಗೆ ಅರ್ಥವಿಲ್ಲ. ವರದಿಯಲ್ಲಿ ಈ ವಿವರಗಳು ಇಲ್ಲದಿದ್ದರೆ ನನಗೆ ಮುಂದಿನ ಪುಟ ತಿರುಗಿಸುವ ಮನಸ್ಸೇ ಬರುವುದಿಲ್ಲ.

ಒಳ್ಳೆಯ ವರದಿಯನ್ನು ನಾನು ಓದುವುದು ತೂಕದಿಂದ. ಬೆಳೆಯುವ ಇಲಿ ಬೆಳೆಯದೆ ನಿಂತಿತೇ? ನಿಂತರೆ, ಅದು ತಿನ್ನುವುದನ್ನು ಬಿಟ್ಟಿತೇ, ಅಥವಾ ತಿಂದರೂ ತೂಕ ಏರಲಿಲ್ಲವೇ? ಇವೆರಡೂ ಬೇರೆ ಬೇರೆ ಕಾಯಿಲೆ. ಆಮೇಲೆ ರಕ್ತ, ಅದರಲ್ಲಿ ಅಂಗಗಳ ಸ್ಥಿತಿ ತೋರಿಸುವ ಕಿಣ್ವ ಮತ್ತು ಇತರ ವಸ್ತುಗಳ ಅಳತೆ. ಲಿವರಿಗೆ ಎಎಲ್‌ಟಿ, ಎಎಸ್‌ಟಿ, ಎಎಲ್‌ಪಿ, ಬಿಲಿರುಬಿನ್. ಕಿಡ್ನಿಗೆ ಯೂರಿಯ, ಕ್ರಿಯಾಟಿನಿನ್. ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಣಿಕೆ. 2018ರಲ್ಲಿ ಪರಿಷ್ಕರಿಸಿದ 408ರಲ್ಲಿ ಥೈರಾಯ್ಡ್ ಹಾರ್ಮೋನುಗಳೂ ಇವೆ. ಆಮೇಲೆ ಅಂಗಗಳ ತೂಕ. ಕೊನೆಗೆ ಹಿಸ್ಟೊಪೆಥಾಲಜಿ, ಅಂದರೆ ಅಂಗಗಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ನನ್ನ ಪ್ರಕಾರ ಇಡೀ ವರದಿಯ ಬೆನ್ನೆಲುಬು ಇದೇ. ಕಂಟ್ರೋಲ್ ಗುಂಪು ಮತ್ತು ಅತಿ ಹೆಚ್ಚು ಪ್ರಮಾಣದ ಗುಂಪಿನ ಎಲ್ಲಾ ಇಲಿಗಳ ಎಲ್ಲಾ ಮುಖ್ಯ ಅಂಗಗಳನ್ನೂ ನೋಡಿರಬೇಕು. ‘ಪ್ರಾತಿನಿಧಿಕ ಚಿತ್ರ’ ಎಂದು ಎರಡು ಲಿವರ್ ಫೋಟೋ ಹಾಕಿ ಮುಗಿಸಿದರೆ ಅದು ಸಾಲದು.

ಇಷ್ಟೆಲ್ಲ ಅಳೆದಾಗ ಏನಾದರೊಂದು ವ್ಯತ್ಯಾಸ ಕಂಡೇ ಕಾಣುತ್ತದೆ. 40 ಅಂಶಗಳನ್ನು ಅಳೆದು, ನೂರಕ್ಕೆ 5 ಸಲ ಆಕಸ್ಮಿಕ ತಪ್ಪನ್ನು ಒಪ್ಪುವ ಮಟ್ಟದಲ್ಲಿ ಹೋಲಿಸಿದರೆ, ಸಾರ ಏನೂ ಮಾಡದಿದ್ದರೂ ಸುಮಾರು ಎರಡು ಅಂಶಗಳು ಆಕಸ್ಮಿಕವಾಗಿ ‘ಗಮನಾರ್ಹ’ ಎಂದು ಬರುತ್ತವೆ. ಹಾಗಾದರೆ ಯಾವುದನ್ನು ನಂಬುವುದು? ಪ್ರಮಾಣ ಏರಿದಂತೆ ಬದಲಾವಣೆಯೂ ಏರಿದೆಯೇ ನೋಡುತ್ತೇನೆ. ಎಎಲ್‌ಟಿ ಏರಿದೆ, ಲಿವರ್ ತೂಕವೂ ಏರಿದೆ, ಸ್ಲೈಡಿನಲ್ಲಿ ಸತ್ತ ಜೀವಕೋಶಗಳೂ ಇವೆ ಅಂದರೆ ಮೂರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆ. ಬರೀ ಲಿವರ್ ತೂಕ ಏರಿ ಉಳಿದದ್ದೆಲ್ಲ ಸರಿಯಿದ್ದರೆ, ಬಂದ ವಸ್ತುವನ್ನು ಒಡೆಯಲು ಲಿವರ್ ತನ್ನ ಕಿಣ್ವಗಳನ್ನು ಹೆಚ್ಚಿಸಿಕೊಂಡಿರಬಹುದು. ಅದು ಹೊಂದಾಣಿಕೆ, ಸಾಮಾನ್ಯವಾಗಿ ಹಾನಿಯಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಆರೋಗ್ಯವಂತ ಇಲಿಯಲ್ಲಿ ಕೊಲೆಸ್ಟರಾಲ್ ಇಳಿದರೆ ‘ಲಾಭ’ ಎಂದು ಬರೆದುಬಿಡುತ್ತಾರೆ. ಸುರಕ್ಷತೆಯ ಪರೀಕ್ಷೆಯಲ್ಲಿ ಇಳಿಕೆಯನ್ನೂ ಏರಿಕೆಯಷ್ಟೇ ಅನುಮಾನದಿಂದ ನೋಡಬೇಕು.

90 ದಿನವೂ ಕೊನೆಯಲ್ಲ. ಕ್ಯಾನ್ಸರ್ ನೋಡಬೇಕೆಂದರೆ ಇಲಿಯ ಬಹುತೇಕ ಇಡೀ ಆಯುಷ್ಯ, ಅಂದರೆ ಎರಡು ವರ್ಷ ಬೇಕು. ಲೋಳೆಸರದ ವಿಷಯದಲ್ಲಿ ಇದು ಬೆಳಕಿಗೆ ಬಂತು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ ಎರಡು ವರ್ಷ ಇಡೀ ಎಲೆಯ, ಬಣ್ಣ ತೆಗೆಯದ ಸಾರವನ್ನು ಕುಡಿಯುವ ನೀರಿನಲ್ಲಿ ಕೊಟ್ಟಿತು. ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಬಂದವು. ಸುಂಡಿಲಿಗಳಲ್ಲಿ (ಚಿಕ್ಕ ಜಾತಿಯ ಇಲಿ, ಮೌಸ್) ಬರಲಿಲ್ಲ. ಎಲೆಯ ಸಿಪ್ಪೆಯ ಕೆಳಗಿನ ಹಳದಿ ರಸದಲ್ಲಿರುವ ಅಲೊಯಿನ್‌ನಂಥ ವಸ್ತುಗಳ ಮೇಲೆ ಅನುಮಾನವಿದೆ. ಆ ರಸವನ್ನು ತೆಗೆದುಹಾಕಿದ ತಯಾರಿಕೆಗಳಿಗೆ ಈ ಫಲಿತಾಂಶ ನೇರವಾಗಿ ಅನ್ವಯಿಸುವುದಿಲ್ಲ. ಒಂದೇ ಎಲೆ, ಎರಡು ತಯಾರಿಕೆ, ಎರಡು ತೀರ್ಪು. ‘ಈ ಗಿಡ ಸುರಕ್ಷಿತ’ ಎಂಬ ವಾಕ್ಯಕ್ಕೆ ನನ್ನ ಕ್ಷೇತ್ರದಲ್ಲಿ ಅರ್ಥವಿಲ್ಲದಿರುವುದು ಇದಕ್ಕೇ. ಯಾವ ಭಾಗ, ಯಾವ ದ್ರಾವಕ, ಎಷ್ಟು, ಎಷ್ಟು ದಿನ ಎಂದು ಹೇಳಿದರೆ ಮಾತ್ರ ಅದು ಪೂರ್ತಿ ವಾಕ್ಯ.

ಎಲ್ಲಾ ಸಾರಗಳಿಗೂ ಎರಡು ವರ್ಷದ ಪರೀಕ್ಷೆ ಮಾಡಲಾಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ವಂಶವಾಹಿಗೆ ಹಾನಿ ಮಾಡುತ್ತದೆಯೇ ಎಂದು ಮೊದಲು ಬ್ಯಾಕ್ಟೀರಿಯಾಗಳಲ್ಲಿ ಏಮ್ಸ್ ಪರೀಕ್ಷೆ ಮಾಡಬಹುದು. ಇದಕ್ಕೆ ಪ್ರಾಣಿ ಬೇಡ. ಎಲೆಗಳಲ್ಲಿ ಸಾಮಾನ್ಯವಾಗಿರುವ ಕ್ವೆರ್ಸೆಟಿನ್ ಎಂಬ ವಸ್ತುವೂ ಇದರಲ್ಲಿ ಪಾಸಿಟಿವ್ (ಹಾನಿ ಇದೆ ಎಂದು) ಬರುತ್ತದೆ, ಹಾಗಾಗಿ ಒಂದೇ ಫಲಿತಾಂಶಕ್ಕೆ ಗಾಬರಿಯಾಗದೆ ಮುಂದಿನ ಹಂತಕ್ಕೆ ಹೋಗುತ್ತಾರೆ. ಗರ್ಭಿಣಿಯರಿಗೆ ಬೇಕಾದ ಪರೀಕ್ಷೆ ಪೂರ್ತಿ ಬೇರೆ. ಅದು ನಡೆಯದ ಸಾರವನ್ನು ಗರ್ಭಿಣಿಯರು, ಹಾಲೂಡಿಸುವವರು ಮುಟ್ಟಬಾರದು.

ಈಗ ನಿಮ್ಮ 60 ಕಿಲೋ ತೂಕದ ಲೆಕ್ಕ. 90 ದಿನದ ಪರೀಕ್ಷೆಯಲ್ಲಿ ಯಾವ ಹಾನಿಯೂ ಕಾಣದ ಗರಿಷ್ಠ ಪ್ರಮಾಣ ದಿನಕ್ಕೆ ಪ್ರತಿ ಕಿಲೋಗೆ 1000 ಮಿಲಿಗ್ರಾಂ ಎಂದು ಬಂತು ಅನ್ನಿ. ಆಹಾರದಂತೆ ದಿನಾ ಸೇವಿಸುವ ವಸ್ತುವಾದರೆ ಇದನ್ನು 100ರಿಂದ ಭಾಗಿಸುವುದು ಹಳೆಯ ಪದ್ಧತಿ. ಇಲಿಗೂ ಮನುಷ್ಯರಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು 10. ಪ್ರತಿ ಕಿಲೋಗೆ 10 ಮಿಲಿಗ್ರಾಂ, ನಿಮಗೆ ದಿನಕ್ಕೆ 600. ಪರೀಕ್ಷೆ 90 ದಿನದ್ದು, ಸೇವನೆ ವರ್ಷಗಟ್ಟಲೆ ಎಂದಾದರೆ ಇನ್ನೊಂದು 2ರಿಂದ ಭಾಗಿಸುವುದೂ ಇದೆ. ಆಗ 300. ನೀವು ತೆಗೆದುಕೊಳ್ಳುತ್ತಿರುವುದು 1000. ಪರೀಕ್ಷೆಯಲ್ಲಿ ಇಲಿಗಳು ಅತ್ಯಂತ ಚೆನ್ನಾಗಿ ಪಾಸಾದರೂ ನಿಮ್ಮ ಪ್ರಮಾಣ ಈ ಅಳತೆಯಲ್ಲಿ ಜಾಸ್ತಿಯೇ.

ತಯಾರಕರು ಇನ್ನೊಂದು ಲೆಕ್ಕ ಮುಂದಿಡಬಹುದು. ದೇಹದ ಮೇಲ್ಮೈ ಆಧಾರದ ಮೇಲೆ ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸಿ ಮನುಷ್ಯರಿಗೆ ಸಮನಾದದ್ದನ್ನು ತೆಗೆಯುವುದು. ಸುಂಡಿಲಿಯಾದರೆ 12.3ರಿಂದ. 1000 ಭಾಗಿಸು 6.2 ಎಂದರೆ 161. ಅದರ ಹತ್ತನೇ ಒಂದು ಭಾಗ 16, ನಿಮಗೆ ದಿನಕ್ಕೆ ಹತ್ತಿರ ಹತ್ತಿರ 970 ಮಿಲಿಗ್ರಾಂ. ನಿಮ್ಮ 1000ಕ್ಕೆ ಇದು ಹತ್ತಿರ ಬಂತಲ್ಲ ಎನಿಸಬಹುದು. ಆದರೆ ಈ ಲೆಕ್ಕ ಇರುವುದು ಹೊಸ ಔಷಧಿಯನ್ನು ಮೊದಲ ಸಲ ಆರೋಗ್ಯವಂತ ಸ್ವಯಂಸೇವಕರಿಗೆ ಕೊಡುವಾಗ ಎಲ್ಲಿಂದ ಶುರು ಮಾಡಬೇಕು ಎಂದು ನಿರ್ಧರಿಸಲು. ಅಲ್ಲಿ ವೈದ್ಯರು ಪಕ್ಕದಲ್ಲಿರುತ್ತಾರೆ, ರಕ್ತಪರೀಕ್ಷೆ ನಡೆಯುತ್ತಿರುತ್ತದೆ. ಯಾರ ಕಣ್ಗಾವಲೂ ಇಲ್ಲದೆ ವರ್ಷಗಟ್ಟಲೆ ನುಂಗುವುದಕ್ಕೆ ಅದನ್ನು ಬಳಸುವುದು ಸರಿಯಲ್ಲ.

ಇಲಿ ಮನುಷ್ಯನಲ್ಲ ಎಂಬುದು ಎರಡು ದಿಕ್ಕಿಗೂ ನಿಜ. ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯಲ್ಲಿರುವ ಲಿಮೊನೀನ್ ಗಂಡು ಇಲಿಗಳ ಕಿಡ್ನಿಯಲ್ಲಿ ಗಡ್ಡೆ ತರುತ್ತದೆ. ಅದಕ್ಕೆ ಕಾರಣ ಗಂಡು ಇಲಿಗಳಲ್ಲಿ ಹೇರಳವಾಗಿರುವ ಒಂದು ಪ್ರೋಟೀನ್. ನಮ್ಮ ದೇಹದಲ್ಲಿ ಅದು ಇಲ್ಲ, ಹಾಗಾಗಿ ಆ ಅಪಾಯವೂ ನಮಗಿಲ್ಲ. ಇದು ಸುಳ್ಳು ಎಚ್ಚರಿಕೆ. ಸುಳ್ಳು ಭರವಸೆಯೂ ಇದೆ. ಅರಿಶಿನದ ಸಾರ ಪ್ರಾಣಿಗಳ ಪರೀಕ್ಷೆಗಳಲ್ಲಿ ಸೌಮ್ಯವಾಗಿಯೇ ಕಂಡಿತ್ತು. ಆದರೆ ಅದರ ಪೂರಕಗಳನ್ನು ತೆಗೆದುಕೊಂಡ ಕೆಲವೇ ಕೆಲವರಲ್ಲಿ ಗಂಭೀರ ಲಿವರ್ ಹಾನಿಯಾಗಿದೆ. ಅವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಆನುವಂಶಿಕ ಗುರುತು ಸಾಮಾನ್ಯ ಜನರಿಗಿಂತ ಹೆಚ್ಚಾಗಿ ಕಂಡಿದೆ. ಆ ಗುರುತು ಇಲಿಗಳಲ್ಲಿಲ್ಲ. 80 ಇಲಿಗಳಲ್ಲ, 8000 ಇಲಿಗಳಲ್ಲೂ ಇಂಥದ್ದು ಸಿಗುವುದಿಲ್ಲ. ಜೊತೆಗೆ ಪ್ರಯೋಗಾಲಯದ ಇಲಿಗಳು ಎಳೆಯವು, ಆರೋಗ್ಯವಂತವು, ಬೇರೆ ಔಷಧಿ ನುಂಗುವವಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಸಾರ ಅಂಗ ಕಸಿಯಾದವರ ಸೈಕ್ಲೊಸ್ಪೊರಿನ್ ಔಷಧಿಯ ಮಟ್ಟವನ್ನು ಇಳಿಸಿ, ಕಸಿ ಮಾಡಿದ ಅಂಗವನ್ನೇ ದೇಹ ತಿರಸ್ಕರಿಸುವಂತೆ ಮಾಡಿದ ಪ್ರಕರಣಗಳಿವೆ. ಒಂದೇ ವಸ್ತು ಕೊಟ್ಟು ನೋಡುವ ಪರೀಕ್ಷೆ ಇದನ್ನು ತೋರಿಸಲಾರದು.

ಪ್ರಾಣಿಹಿಂಸೆ ಅಲ್ವಾ ಎಂದು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಮೂರು ನಿಯಮ ಹೇಳಿದರು. ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿಯಿರಿ, ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡಿ, ನೋವು ಕಡಿಮೆ ಮಾಡಿ. ನನ್ನ ಮಟ್ಟಿಗೆ ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಉತ್ತರ ಕೊಡಲಾರದ ಪರೀಕ್ಷೆಯನ್ನು ಮಾಡಲೇಬೇಡಿ. ಗಿಡ ಯಾವುದೆಂದು ಸಸ್ಯಶಾಸ್ತ್ರಜ್ಞರಿಂದ ಖಚಿತ ಮಾಡಿಕೊಳ್ಳದೆ, ಅದರ ಮಾದರಿಯನ್ನು ಹರ್ಬೇರಿಯಂನಲ್ಲಿ (ಒಣ ಗಿಡಗಳ ಸಂಗ್ರಹ) ಇಡದೆ, ಸಾರದಲ್ಲಿ ಏನು ಎಷ್ಟಿದೆ ಎಂದು ಅಳೆಯದೆ, ಸೀಸ, ಆರ್ಸೆನಿಕ್, ಕೀಟನಾಶಕ ಇವೆಯೇ ಎಂದು ನೋಡದೆ ಇಲಿಗಳಿಗೆ ಕೊಟ್ಟರೆ ಏನು ಪರೀಕ್ಷಿಸಿದೆವು ಎಂದೇ ಗೊತ್ತಾಗುವುದಿಲ್ಲ. ಆ ಇಲಿಗಳ ಜೀವ ವ್ಯರ್ಥವಾಯಿತು. ಗೊತ್ತಿರುವ ಸಾರವನ್ನೇ ಮತ್ತೆ ಮತ್ತೆ 2000ಕ್ಕೆ ಕೊಟ್ಟು ಪ್ರಬಂಧ ಬರೆಯುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಚೆನ್ನಾಗಿ ಯೋಜಿಸಿದ ಒಂದು 90 ದಿನದ ಪರೀಕ್ಷೆ ಅಂಥ ಹತ್ತು ಪರೀಕ್ಷೆಗಳಿಗಿಂತ ಮೇಲು.

ಈಗ ನೀವು ಮಾಡಬೇಕಾದದ್ದು. ತಯಾರಕರಿಗೆ ಬರೆದು ಇಷ್ಟು ಕೇಳಿ. ಗಿಡದ ಪೂರ್ತಿ ಸಸ್ಯಶಾಸ್ತ್ರೀಯ ಹೆಸರು ಮತ್ತು ಬಳಸಿದ ಭಾಗ, ದ್ರಾವಕ, ಎಲೆ ಮತ್ತು ಸಾರದ ಅನುಪಾತ. ಇದೇ ಸಾರದ ಮೇಲೆ 90 ದಿನದ ಪರೀಕ್ಷೆ ಆಗಿದೆಯೇ, ಹಾನಿ ಕಾಣದ ಗರಿಷ್ಠ ಪ್ರಮಾಣ ಎಷ್ಟು. ‘ಇದೇ ಸಾರ’ ಎಂಬುದನ್ನು ಒತ್ತಿ ಕೇಳಿ. ನೀರಿನ ಸಾರದ ಮೇಲೆ ಮಾಡಿದ ಪರೀಕ್ಷೆಯನ್ನು ತೋರಿಸಿ ಆಲ್ಕೊಹಾಲ್ ಸಾರ ಮಾರುವುದು ಉಂಟು. ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ.

ಉತ್ತರ ಬರುವವರೆಗೆ, ಇದನ್ನು ವೈದ್ಯರು ಬರೆದುಕೊಟ್ಟದ್ದಲ್ಲದಿದ್ದರೆ, ಕ್ಯಾಪ್ಸೂಲ್ ನಿಲ್ಲಿಸಿ ಎಂಬುದೇ ನನ್ನ ಸಲಹೆ. ಬರೆದುಕೊಟ್ಟಿದ್ದರೆ ಅವರೊಂದಿಗೆ ಮಾತಾಡಿ ತೀರ್ಮಾನಿಸಿ. ಸೊಪ್ಪು ಇಷ್ಟವಾದರೆ ಸೊಪ್ಪಾಗಿಯೇ ತಿನ್ನಿ. ಬೇರೆ ಯಾವುದೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಈ ಕ್ಯಾಪ್ಸೂಲಿನ ವಿಷಯ ವೈದ್ಯರಿಗೆ ಹೇಳಿ. ಶಸ್ತ್ರಚಿಕಿತ್ಸೆ ಇದ್ದರೆ ಅದಕ್ಕೂ ಮೊದಲೇ ಹೇಳಿ. ಕೆಲವು ತಿಂಗಳು ತೆಗೆದುಕೊಂಡಿರುವುದರಿಂದ ಒಮ್ಮೆ ಲಿವರ್ ಮತ್ತು ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಕಾರಣವಿಲ್ಲದ ಸುಸ್ತು, ಹಸಿವಾಗದಿರುವುದು, ಮೈ ತುರಿಕೆ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರ ಹತ್ತಿರ ಹೋಗಿ. ಬಾಟಲಿಯನ್ನೂ ಚೀಟಿಯನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಬ್ಯಾಚ್ ಸಂಖ್ಯೆ ಇದ್ದರೆ, ಸಾರದಲ್ಲಿ ನಿಜವಾಗಿ ಏನಿತ್ತು ಎಂದು ಪ್ರಯೋಗಾಲಯದಲ್ಲಿ ನೋಡಲು ಆಗುತ್ತದೆ.